ನಾಲ್ಕು ನಿಮಿಷ ಉಚಿತ

ಮಾರ್ಚ್ 4, ಸಂಜೆ

ಇವತ್ತೂ ಸರ್ವೇಗೆಂದು ಏರ್‌ಪೋರ್ಟಿನ ಬಾಗಿಲಲ್ಲಿ ಸ್ಟಾಪ್‌ವಾಚ್ ಹಿಡಿದು ನಿಂತೆ. ಕಾರು ನಿಂತಾಗ ಒತ್ತುವುದು, ಹೊರಟಾಗ ಒತ್ತುವುದು. ಸರಾಸರಿ ಏಳು ನಿಮಿಷ. ಲಗೇಜ್ ಇಳಿಸಲು ಒಂದು ನಿಮಿಷ ಸಾಕು — ಮಿಕ್ಕಿದ್ದೆಲ್ಲ ಅಪ್ಪುಗೆ, ಬುದ್ಧಿವಾದ, ಇನ್ನೊಮ್ಮೆ ಅಪ್ಪುಗೆ. ಹಿಂದಿನವರು ಹಾರ್ನ್ ಹೊಡೆದು ಪ್ರಾಣ ತಿನ್ನುತ್ತಾರೆ. ನಾಲ್ಕು ನಿಮಿಷ ಉಚಿತ, ಆಮೇಲೆ ನಿಮಿಷಕ್ಕಿಷ್ಟು ಶುಲ್ಕ ಅಂತ ಬರೆದುಕೊಟ್ಟೆ. ಸಾಹೇಬರು ಒಪ್ಪಿದರು.

ಮನೆಗೆ ಬಂದು ಇವರಿಗೆ ಹೇಳಿದೆ, ಅಪ್ಪುಗೆಗೆ ರೇಟು ಕಟ್ಟಿ ಬಂದೆ ಅಂತ. ನಗಲಿಲ್ಲ. ಮೊದಲಾಗಿದ್ದರೆ ಊಟ ಬಿಟ್ಟು ನಗುತ್ತಿದ್ದರು.

ಮಾರ್ಚ್ 11

ಒಂದು ಗಂಡ ಹೆಂಡತಿ ಜೋಡಿ. ಬರೀ ನಲವತ್ತು ಸೆಕೆಂಡು. ಷರಾ ಕಾಲಮ್ಮಿನಲ್ಲಿ "ಅವಸರ" ಅಂತ ಬರೆದೆ. ಜೊತೆಗಿದ್ದ ಹಿರಿಯ ಗುಮಾಸ್ತರು ಇಣುಕಿ, "ಅವಸರ ಅಲ್ಲಮ್ಮ, ಮುಗಿದಿದೆ ಅಷ್ಟೇ" ಅಂದರು. ಬಿದ್ದು ಬಿದ್ದು ನಕ್ಕೆ.

ಏಪ್ರಿಲ್ 2

ಶುಲ್ಕ ಶುರುವಾಗಿ ಎರಡನೇ ದಿನ. ರಸ್ತೆ ಖಾಲಿ. ಸಾಹೇಬರು ಎಲ್ಲರೆದುರು ಹೊಗಳಿದರು.

ಇವರಿಗೆ ಬೇರೆ ಊರಿನಲ್ಲಿ ಕೆಲಸವಂತೆ. ಎರಡೇ ತಿಂಗಳು ಅಂತಾರೆ. ಎರಡು ತಿಂಗಳ ಬೇಸಿಗೆಗೆ ಬ್ಯಾಗಿನಲ್ಲಿ ಸ್ವೆಟರ್ ಯಾಕೆ? ಅವರಪ್ಪನ ಫೋಟೋ ಯಾಕೆ? ಕೇಳಲಿಲ್ಲ. ಕೇಳಿದರೆ ಹೇಳಿಬಿಡುತ್ತಾರೆ...

ಏಪ್ರಿಲ್ 9, ಬೆಳಿಗ್ಗೆ 6

ನಾನೇ ಬಿಡಲು ಹೋಗುತ್ತಿದ್ದೇನೆ. ಸ್ಟಾಫ್ ಪಾಸ್ ಬೇಡ. ಅರ್ಧ ಗಂಟೆಗಾಗುವಷ್ಟು ದುಡ್ಡು ಪರ್ಸಿನಲ್ಲಿದೆ. ಯಾರು ಎಷ್ಟೇ ಹಾರ್ನ್ ಹೊಡೆಯಲಿ, ಇವತ್ತು ಜಪ್ಪಯ್ಯ ಅಂದರೂ ಕದಲುವುದಿಲ್ಲ.

ಅದೇ ದಿನ, 10.30

ಬ್ಯಾಗ್ ಇಳಿಸಿಕೊಂಡರು. "ನೀನು ಹೊರಡು. ಸುಮ್ನೆ ದುಡ್ಡು ಹೋಗುತ್ತೆ."

"ಇನ್ನೂ ಮೂರು ನಿಮಿಷ ಇದೆ ರೀ."

"ಸಾಕು" ಅಂದರು. ನನ್ನ ಮುಖ ನೋಡಲಿಲ್ಲ. ಒಳಗೆ ಹೋದರು. ತಿರುಗಿ ನೋಡುತ್ತಾರೆ ಅಂತ ಕಾದೆ. ಸ್ಟಿಯರಿಂಗ್ ಹಿಡಿದು ಅತ್ತೆ. ಹಾರ್ನ್ ಹೊಡೆದು ಎಬ್ಬಿಸಲು ಹಿಂದೆ ಒಂದು ಕಾರೂ ಇರಲಿಲ್ಲ. ಗೇಟಿನಲ್ಲಿ ಚೀಟಿ ಬಂತು — ಇಪ್ಪತ್ಮೂರು ನಿಮಿಷ. ಕಟ್ಟಿದೆ.

ಏಪ್ರಿಲ್ 16

ವಾರವಾಯಿತು, ಫೋನಿಲ್ಲ.

ಸರ್ವೇ ಹಾಳೆಗಳು ಮೇಜಿಗೆ ಬಂದವು. ಗುಮಾಸ್ತರ ಅಕ್ಷರ. ಒಂಬತ್ತನೇ ತಾರೀಕು, ನನ್ನ ಕಾರಿನ ನಂಬರು. ಪ್ರಯಾಣಿಕ ಒಳಗೆ ಹೋದದ್ದು ಒಂದು ನಿಮಿಷಕ್ಕೆ. ಕಾರು ನಿಂತದ್ದು ಇಪ್ಪತ್ಮೂರು. ಪ್ರತಿ ಸಾಲಿಗೂ ಷರಾ ಬರೆದ ಮನುಷ್ಯ ಇದೊಂದನ್ನು ಖಾಲಿ ಬಿಟ್ಟಿದ್ದಾರೆ. ತಲೆ ಎತ್ತಿದೆ. ಕಿಟಕಿಯ ಕಡೆ ನೋಡುತ್ತಿದ್ದರು, ಪಾಪ.

ಖಾಲಿ ಬಿಡುವ ಹಾಗಿಲ್ಲ. ನಿಯಮ ನನ್ನದೇ. "ಅವಸರ" ಅಂತ ಬರೆದೆ. ಹೊಡೆದು ಹಾಕಿದೆ. ಗುಮಾಸ್ತರು ಅವತ್ತು ಹೇಳಿದ ಪದ ಬರೆಯಲಾರೆ. ಇನ್ನೂ ಮೂರು ನಿಮಿಷ ಇತ್ತು, ಇವರು ಬೇಕಿದ್ದರೆ —