ನೀನು ತೆಗೆಯದ ಹಣ

ಮಂಗಳವಾರ, ಮಾರ್ಚ್ ೧೨
ಅಂಗಡಿಯಿಂದ, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಬರೆದದ್ದು

ನನ್ನ ಚಿನಕುರುಳಿಗೆ,

ಅಮ್ಮನ ಆಶೀರ್ವಾದ. ಸಿಟ್ಟಿದ್ದರೂ ತೆಗೆದುಕೋ, ಇದಕ್ಕೇನೂ ಬಡ್ಡಿ ಬೀಳುವುದಿಲ್ಲ. ಹರಿದು ಹಾಕುವ ಮನಸ್ಸಾದರೆ ಪೂರ್ತಿ ಓದಿ ಆಮೇಲೆ ಹರಿ. ಫೋನ್ ಮಾಡಬಹುದಿತ್ತು. ನೀನು ಎತ್ತುತ್ತೀಯೋ ಇಲ್ಲವೋ ಎಂಬುದು ಒಂದು ಭಯ, ಎತ್ತಿದರೆ ನನ್ನ ಬಾಯಿ ಮತ್ತೇನು ಆಡಿಬಿಡುತ್ತದೋ ಎಂಬುದು ಇನ್ನೊಂದು. ಈ ಬಾಯಿಂದಲೇ ಅಲ್ಲವೇ ಎರಡು ವರ್ಷದಿಂದ ನಾವಿಬ್ಬರೂ ಹೀಗಿರುವುದು. ಕಾಗದದ ಮೇಲಾದರೆ ತಪ್ಪಿದ್ದನ್ನು ಹೊಡೆದುಹಾಕಬಹುದು. ನಿನ್ನ ವಿಳಾಸವನ್ನು ಚಿಕ್ಕಮ್ಮನಿಂದ ಇಸಕೊಂಡೆ.

ಹೋದ ಗುರುವಾರ ಬೆಳಿಗ್ಗೆ ಒಂದು ವಸತಿಗೃಹದ ಪರದೆಗಳಿಗೆ ಮಡಿಕೆ ಹಿಡಿಯುತ್ತಾ ಕೂತಿದ್ದೆ. ಫೋನ್ ಟಿಂಗ್ ಎಂದಿತು. ಖಾತೆಯಿಂದ ಹಣ ಕಡಿತವಾಗಿದೆ ಎಂಬ ಸಂದೇಶ. ಅದು ತಿಂಗಳಿಗೆ ಮೂರ್ನಾಲ್ಕು ಸಲ ಬರುವುದು ನನಗೆ ಹೊಸದಲ್ಲ. ಮೊದಮೊದಲು ನೂರು, ನೂರೈವತ್ತು ಇರುತ್ತಿತ್ತು, ಈಚೆಗೆ ಮುನ್ನೂರು ನಾನೂರಕ್ಕೆ ಹೋಗಿತ್ತು. ಈ ಸಲ ನೋಡಿದರೆ ಒಂದೇ ಏಟಿಗೆ ನಾಲ್ಕು ಸಾವಿರದ ಚಿಲ್ಲರೆ. ನಿನಗೆ ಏನೋ ಆಗಿದೆ, ಆಸ್ಪತ್ರೆಯಲ್ಲೇ ಇದ್ದೀಯ ಎಂದುಕೊಂಡೆ.

ಖಾತೆ ನನ್ನದು, ಕಾಯಿಲೆ ನಿನಗೆ ಹೇಗೆ ಎಂದು ನಗಬೇಡ. ಇಷ್ಟು ದಿನ ಯಾರಿಗೂ ಬಾಯಿಬಿಟ್ಟು ಹೇಳದ್ದನ್ನು ಹೇಳುತ್ತೇನೆ, ಕೇಳು. ಆ ಹಣವನ್ನೆಲ್ಲ ನೀನೇ ತೆಗೆಯುತ್ತಿದ್ದೀಯ ಎಂದು ನಾನು ನಂಬಿದ್ದೆ.

ಯಾಕೆ ನಂಬಬಾರದು? ನೀನು ಓದಲು ಹೋದಾಗ ಮಾಡಿಸಿಕೊಟ್ಟ ಎರಡನೇ ಕಾರ್ಡು ನಿನ್ನ ಹತ್ತಿರವೇ ಇದೆ. ಅಳಿಯ ಕೆಲಸಕ್ಕಿದ್ದ ಕಾರ್ಖಾನೆ ಮುಚ್ಚಿತ್ತು. ಊಟಕ್ಕೆ ಬಂದವರ ಎದುರಿಗೆ, ಇನ್ನೂ ತಟ್ಟೆಯಲ್ಲಿ ಅನ್ನ ಇರುವಾಗಲೇ, ಇವನನ್ನು ನೆಚ್ಚಿಕೊಂಡರೆ ಮೂರು ತಿಂಗಳಿಗೆ ನನ್ನ ಬಾಗಿಲಲ್ಲೇ ಕೈಚಾಚಿ ನಿಲ್ಲುತ್ತೀಯ ಎಂದುಬಿಟ್ಟೆ. ನೀನು ಕೈ ತೊಳೆದು, "ಹಸಿವಿನಿಂದ ಸತ್ರೂ ನಿನ್ನ ಬಿಡಿಗಾಸು ಮುಟ್ಟಲ್ಲ" ಎಂದು ಹೊರಟೆ. ಆಮೇಲೆ ವಾರವೂ ಕಳೆದಿರಲಿಲ್ಲ, ಮೊದಲ ಕಡಿತ ಬಂತು. ಸಂದೇಶದಲ್ಲಿ ಮೊತ್ತ ಬಿಟ್ಟರೆ ಉಳಿದದ್ದೆಲ್ಲ ಅರ್ಥವಿಲ್ಲದ ಅಕ್ಷರ, ಅಂಕಿಗಳ ಕಲಸುಮೇಲೋಗರ. ಕೈಚಾಚದೆಯೇ ತೆಗೆದುಕೊಳ್ಳುತ್ತಿದ್ದಾಳೆ, ಜಾಣೆ, ಎಂದುಕೊಂಡೆ. ನಿಜ ಹೇಳಲಾ? ಮೊದಲ ದಿನ ಗೆದ್ದೆ ಎನಿಸಿತ್ತು. ಎರಡನೇ ತಿಂಗಳು ಆ ಗೆಲುವು ರುಚಿಸಲಿಲ್ಲ. ಮೂರನೇ ತಿಂಗಳಿನಿಂದ ಆ ಟಿಂಗ್ ಸದ್ದಿಗೆ ಕಾಯತೊಡಗಿದೆ.

ಮೊತ್ತ ಸ್ವಲ್ಪ ಏರಿದರೆ, ಪಾಪ, ಮನೆ ಬಾಡಿಗೆ ಏರಿರಬೇಕು ಎನ್ನುವುದು. ಒಂದೇ ದಿನ ಎರಡು ಸಲ ಬಂದರೆ, ಇವತ್ತು ಅಳಿಯನಿಗೂ ಏನೋ ಬೇಕಾಯಿತು ಎನ್ನುವುದು. ಅಲ್ಲಿ ಹಣ ಕಮ್ಮಿಬಿದ್ದು ಯಾವುದೋ ಅಂಗಡಿಯಲ್ಲಿ ನಿನ್ನ ತಲೆ ತಗ್ಗಬಾರದೆಂದು ಅಂಗಡಿಯ ಖಾತೆಯಿಂದ ಈ ಖಾತೆಗೆ ಹಾಕುತ್ತಲೇ ಬಂದೆ. ಹೊಸ ಹೊಲಿಗೆ ಯಂತ್ರದ ಮಾತು ಹಾಗೇ ನಿಂತಿತು. ಹಳೆಯದು ದಪ್ಪ ಬಟ್ಟೆ ಕಂಡರೆ ಈಗಲೂ ಮುಷ್ಕರ ಹೂಡುತ್ತದೆ. ಮಗಳು ಮಾತಾಡದಿದ್ದರೇನು, ತಿಂಗಳಿಗೆ ನಾಲ್ಕು ಸಲ ಬದುಕಿದ್ದೇನೆ ಎಂದು ಹೇಳುತ್ತಾಳಲ್ಲ ಎಂದು ಸಮಾಧಾನವಾಗಿದ್ದೆ.

ಹೀಗಿರುವಾಗ ನಾಲ್ಕು ಸಾವಿರ! ಅರ್ಧ ಹೊಲಿದ ಪರದೆಯನ್ನು ಸೂಜಿಯ ಕೆಳಗೇ ಬಿಟ್ಟು ಬ್ಯಾಂಕಿಗೆ ಓಡಿದೆ. ಕೊರಳಲ್ಲಿ ಅಳತೆ ಟೇಪು, ಮಣಿಕಟ್ಟಿನಲ್ಲಿ ಗುಂಡುಸೂಜಿ ಚುಚ್ಚುವ ಮೆತ್ತೆ. ಬಾಗಿಲ ಕಾವಲಿನವನು ನನ್ನನ್ನು ಒಳಗೆ ಬಿಡಲು ಒಂದು ಗಳಿಗೆ ಅನುಮಾನಿಸಿದ. ಕಿಟಕಿಯಾಚೆ ನನ್ನ ವಯಸ್ಸಿನ ಹೆಂಗಸು, ಕನ್ನಡಕ ತಲೆಯ ಮೇಲಿಟ್ಟುಕೊಂಡು ಮೇಜಿನ ಮೇಲೆ ಅದನ್ನೇ ಹುಡುಕುತ್ತಿದ್ದಳು. ನನ್ನ ಮಗಳು ಯಾವ ಆಸ್ಪತ್ರೆಯಲ್ಲಿ ಹಣ ಕಟ್ಟಿದ್ದಾಳೆ ಬೇಗ ನೋಡಿ ಹೇಳಿ ಎಂದೆ. ಅವಳು ನೋಡಿದಳು, ಮತ್ತೆ ನೋಡಿದಳು.

"ಇದನ್ನ ಯಾರೂ ತೆಗ್ದಿಲ್ಲಮ್ಮಾ. ಇವೆಲ್ಲ ಚಂದಾ. ತಾನಾಗೇ ನವೀಕರಣ ಆಗ್ತಾ ಹೋಗುತ್ತೆ" ಎಂದಳು. ಯಾರ ಚಂದಾ ಎಂದೆ. "ನಿಮ್ದೇ" ಎಂದಳು. ಹಾಗಾದರೆ ಮಗಳ ಕಾರ್ಡು ಎಂದೆ. "ಅದು ಎರಡು ವರ್ಷದಿಂದ ಒಂದು ಸಲಾನೂ ಉಪಯೋಗ ಆಗಿಲ್ಲ."

ಕೂರಲು ಕುರ್ಚಿ ಇರಲಿಲ್ಲ. ಕಿಟಕಿಯ ಕಟ್ಟೆಯನ್ನೇ ಹಿಡಿದು ನಿಂತೆ.

ಅವಳು ಒಳ್ಳೆಯವಳು, ಹಿಂದಿದ್ದವರು ಗೊಣಗಿದರೂ ನನ್ನ ಫೋನು ಕೈಗೆ ತೆಗೆದುಕೊಂಡು ಒಂದೊಂದಾಗಿ ತೋರಿಸಿದಳು. ಆಗ ನೆನಪಾಯಿತು. ಈ ಫೋನು ಕೊಡಿಸಿದ ದಿನ ನೀನೇ ಅಲ್ಲವೇ, ಮೊದಲ ತಿಂಗಳು ಪುಕ್ಕಟೆ ಅಮ್ಮಾ, ನೋಡು, ಬೇಡವಾದರೆ ಬಿಡೋಣ ಎಂದು ಏನೇನೋ ಒತ್ತಿಕೊಟ್ಟದ್ದು. ಸಿನಿಮಾ ನೋಡಲು ಒಂದು, ಹಾಡಿಗೊಂದು, ಫೋಟೋ ಇಡುವ ಉಗ್ರಾಣ ಒಂದು, ಕಥೆ ಹೇಳಿ ನಿದ್ದೆ ಬರಿಸುವುದೊಂದು. ಪುಕ್ಕಟೆಯ ತಿಂಗಳು ಮುಗಿಯುವಷ್ಟರಲ್ಲಿ ನಾವು ಜಗಳವಾಡಿಕೊಂಡಿದ್ದೆವು. ಬಿಡೋಣ ಎನ್ನಲು ನೀನಿರಲಿಲ್ಲ, ಇದೆಲ್ಲ ಇದೆಯೆಂದು ನನಗೆ ಗೊತ್ತಿರಲಿಲ್ಲ. ದಿಂಬಿಗೆ ತಲೆ ತಾಗುವ ಮೊದಲೇ ಗೊರಕೆ ಹೊಡೆಯುವವಳು ನಾನು. ನನ್ನನ್ನು ಮಲಗಿಸಲು ಎರಡು ವರ್ಷದಿಂದ ಸಂಬಳ ಕೊಟ್ಟು ಆಳಿಟ್ಟಿದ್ದೇನೆ! ಆ ನಾಲ್ಕು ಸಾವಿರವೂ ಅದರದ್ದೇ. ನನ್ನ ಅನುಕೂಲಕ್ಕೆಂದು ತಿಂಗಳ ಚಂದಾವನ್ನು ತಾವಾಗಿಯೇ ವರ್ಷದ ಚಂದಾ ಮಾಡಿದ್ದಾರಂತೆ.

ಹೇಳದೆ ಕೇಳದೆ ಹೇಗೆ ಏರಿಸಿದರು ಎಂದು ಜೋರು ಮಾಡಿದೆ. ಹೇಳಿದ್ದಾರಂತೆ. ನೀನು ಮಾಡಿಕೊಟ್ಟ, ನಾನು ಒಂದು ದಿನವೂ ತೆರೆಯದ ಮೇಲ್‌ಗೆ ಬರೆದಿದ್ದಾರೆ. ಬ್ಯಾಂಕಿನಾಕೆ ತೆರೆದು ತೋರಿಸಿದಳು. ಮೇಲೆ ದಪ್ಪಕ್ಷರದಲ್ಲಿ, ಪ್ರೀತಿಯ ಗ್ರಾಹಕರೇ, ನಿಮಗೊಂದು ಸಂತಸದ ಸುದ್ದಿ. ಸುದ್ದಿ ಏನೆಂದು ಕೆಳಗೆ ಕೆಳಗೆ ಹೋಗಿ ಹುಡುಕಬೇಕು, ಇರುವೆ ಸಾಲಿನಂಥ ಅಕ್ಷರದಲ್ಲಿ, ಮುಂದಿನ ತಿಂಗಳಿಂದ ಹೊಸ ದರ. ಇಂಥ ಸಂತಸದ ಸುದ್ದಿಗಳು ಒಂದರ ಹಿಂದೊಂದು ಇದ್ದವು. ನಾನು ಮೀಟರಿಗೆ ಐದು ಹೆಚ್ಚು ಹೇಳಿದರೆ ಗಿರಾಕಿ ಬಟ್ಟೆ ಮಡಚಿಟ್ಟು ಎದ್ದೇ ಹೋಗುತ್ತಾಳೆ. ಮುಖಕ್ಕೆ ಮುಖ ಕೊಟ್ಟು ಹೇಳಬೇಕು, ಬೈಸಿಕೊಳ್ಳಬೇಕು. ಇವರಿಗೆ ಆ ಕಷ್ಟವೇ ಇಲ್ಲ. ಹಗಲು ದರೋಡೆ ಎನ್ನೋಣವೆಂದರೆ ದರೋಡೆಕೋರನಾದರೂ ಬಂದು ನಿಲ್ಲುತ್ತಾನೆ.

ಬೈದು ಬೈದು ಮನೆಗೆ ಬಂದೆ. ಸದ್ಯ, ಆಸ್ಪತ್ರೆಯಲ್ಲ ಎಂದು ಒಂದು ಲೋಟ ನೀರು ಕುಡಿದೆ. ಆ ನೀರು ಗಂಟಲಿಳಿಯುವುದರೊಳಗೆ ಹೊಳೆಯಿತು. ನೀನು ತೆಗೆದಿಲ್ಲ ಎಂದಾದರೆ ಇಷ್ಟು ದಿನ ಹೇಗೆ ಬದುಕಿದೆ? ಯಾರಲ್ಲಿ ಕೇಳಿದೆ? ನಾನು ಬಾಡಿಗೆ ಎಂದುಕೊಂಡದ್ದು ಬಾಡಿಗೆಯಲ್ಲ. ಈ ತುದಿಯಲ್ಲಿ ಕೂತು ನಾನೊಬ್ಬಳೇ ಮಾತಾಡಿಕೊಂಡಿದ್ದೇನೆ, ಆ ತುದಿಯಲ್ಲಿ ನೀನು ಇರಲೇ ಇಲ್ಲ.

ಇನ್ನೊಂದಿದೆ. ಇದನ್ನು ಬರೆಯಲು ಕೈ ಹಿಂಜರಿಯುತ್ತಿದೆ. ಹೋದ ವರ್ಷ ಚಿಕ್ಕಮ್ಮ ಬಂದಿದ್ದಾಗ ನಿನಗೆಂದು ಒಂದಿಷ್ಟು ಹಣ ತಂದಿದ್ದಳು. ನಾನು ಗತ್ತಿನಿಂದ, "ನೀನ್ಯಾಕೆ ಕಳಿಸ್ತೀಯ? ಅವಳು ನನ್ನ ಖಾತೆಯಿಂದಲೇ ತಗೋತಾ ಇದ್ದಾಳೆ" ಎಂದೆ. ಅವಳು ಖುಷಿಪಟ್ಟು ಹಣವನ್ನು ಚೀಲಕ್ಕೆ ಹಾಕಿಕೊಂಡು ಜಿಪ್ಪು ಎಳೆದಳು. ಆ ಜಿಪ್ಪಿನ ಸದ್ದು ಗುರುವಾರದಿಂದ ಕಿವಿಯಲ್ಲಿ ಕೂತಿದೆ. ನಾನೂ ಕೊಡಲಿಲ್ಲ, ಕೊಡುವವಳನ್ನೂ ತಡೆದೆ. ಅವಳಿಗೆ ನಿನ್ನೆ ಎಲ್ಲ ಹೇಳಿದೆ. ಬರೀ ನಿನ್ನ ವಿಳಾಸ ಹೇಳಿ ಫೋನ್ ಇಟ್ಟಳು.

ಸಿನಿಮಾ, ಹಾಡು, ನಿದ್ದೆ ಮೂರನ್ನೂ ನಿಲ್ಲಿಸಿದ್ದೇನೆ. ಸುಲಭವೆಂದುಕೊಂಡೆಯಾ? ಸೇರುವಾಗ ಒಂದು ಗುಂಡಿ ಒತ್ತಿದರೆ ಸಾಕು, ಬಿಡುವಾಗ ಏಳು ಬಾಗಿಲು ದಾಟಬೇಕು. ನಿಜವಾಗಿಯೂ ಹೋಗುತ್ತೀರಾ ಎಂದು ಕೇಳುತ್ತದೆ. ಹೌದು ಎಂದರೆ ಇನ್ನೊಮ್ಮೆ ಯೋಚಿಸಿ ಎನ್ನುತ್ತದೆ. ನಿಮ್ಮನ್ನು ನೆನೆಯುತ್ತಿರುತ್ತೇವೆ, ಬಾಗಿಲು ಸದಾ ತೆರೆದಿದೆ ಎನ್ನುತ್ತದೆ. ಓದಿ ನಾಚಿಕೆಯಾಯಿತು. ಹೊಸ್ತಿಲು ದಾಟುತ್ತಿದ್ದ ಮಗಳನ್ನು ನಾನು ಒಂದು ಸಲವಾದರೂ ಹಾಗೆ ಕೇಳಿದೆನೇ?

ನಿನ್ನ ಹತ್ತಿರ ಇರುವ ಕಾರ್ಡು ಈಗಲೂ ನಡೆಯುತ್ತದೆ, ವಿಚಾರಿಸಿಕೊಂಡು ಬಂದಿದ್ದೇನೆ. ಇದು ತಲುಪಿದ ದಿನವೇ ಹೋಗಿ ಬೇಕಾದಷ್ಟು ತೆಗೆ. ಕೇಳಬೇಡ, ಹೇಳಬೇಡ, ಲೆಕ್ಕ ಕೊಡಬೇಡ. ನಾನು ಅಳಿಯನ ಬಗ್ಗೆ ಆಡಿದ ಮಾತು ತಪ್ಪು. ಅದನ್ನು ಅವನೆದುರಿಗೇ ಹೇಳುತ್ತೇನೆ, ಬರಲು ಬಿಟ್ಟರೆ.

ನಿನ್ನ ಉತ್ತರಕ್ಕೆ ಕಾಯುವ,
ನಿನ್ನ ಅಮ್ಮ

ಮರೆತ ಮಾತು: ಬುಧವಾರ ಬೆಳಿಗ್ಗೆ. ಲಕೋಟೆ ಅಂಟಿಸುವ ಮೊದಲು ಆ ಫೋಟೋ ಉಗ್ರಾಣವನ್ನೂ ಮುಚ್ಚಿಬಿಡೋಣವೆಂದು ಕೂತೆ. ಮುಚ್ಚಿದರೆ ಇವೆಲ್ಲ ಅಳಿಸಿಹೋಗುತ್ತವೆ ಎಂದು ಅದೇ ಒಂದಷ್ಟು ಎದುರಿಗೆ ಹರಡಿತು. ನನ್ನ ಪರದೆಗಳ ಫೋಟೋ ಇರಬಹುದು ಎಂದುಕೊಂಡಿದ್ದೆ. ಅಲ್ಲಿದ್ದದ್ದು ನೀನು. ಅಂದು ನಮ್ಮಿಬ್ಬರ ಫೋನನ್ನೂ ಒಂದೇ ಉಗ್ರಾಣಕ್ಕೆ ಸೇರಿಸಿ ಮರೆತೇಬಿಟ್ಟಿದ್ದೀಯ. ಎರಡು ವರ್ಷದಿಂದ ನಿನ್ನ ಫೋಟೋಗಳೆಲ್ಲ ಇಲ್ಲಿಗೇ ಬರುತ್ತಿವೆ. ಒಂದೇ ಒಂದನ್ನು ದೊಡ್ಡದು ಮಾಡಿ ನೋಡಿ ಮುಚ್ಚಿಟ್ಟೆ, ನಿನ್ನಾಣೆ. ಹೋದ ವಾರದ್ದು. ಸೈಕಲ್ ರಿಪೇರಿ ಅಂಗಡಿ, ಬಣ್ಣ ಇನ್ನೂ ಹಸಿಯಾಗಿರುವ ಬೋರ್ಡು, ಮೊಣಕೈವರೆಗೂ ಮಸಿ ಮೆತ್ತಿಕೊಂಡ ಅಳಿಯ, ಗಲ್ಲಾಪೆಟ್ಟಿಗೆಯ ಹಿಂದೆ ನೀನು. ಬಾಯಿ ತುಂಬ ನಗುತ್ತಿದ್ದೀಯ, ಕೆನ್ನೆ ತುಂಬಿಕೊಂಡಿದೆ. ಬ್ಯಾಂಕಿನಲ್ಲಿ ಬಿದ್ದ ಏಟು ಇದರ ಮುಂದೆ ಏನೂ ಅಲ್ಲ. ನನ್ನ ಒಂದು ಕಾಸೂ ಇಲ್ಲದೆ ನೀನು ಚೆನ್ನಾಗಿದ್ದೀಯ. ಉಗ್ರಾಣವನ್ನು ಮುಚ್ಚಿಲ್ಲ, ನಿನ್ನ ವಸ್ತು, ಇನ್ನು ನೀನು ಹೇಳಿದ ಹಾಗೆ ಮಾಡುತ್ತೇನೆ. ಅದರ ದರ ಮುಂದಿನ ತಿಂಗಳು ಮತ್ತೆ ಏರುತ್ತದಂತೆ, ಏರಲಿ. ನಿನಗೆ ಹಣ ಬೇಕಿಲ್ಲ ಎಂದು ಕಣ್ಣಾರೆ ಕಂಡೆ. ಆದರೂ ತಿಂಗಳಿಗೊಮ್ಮೆ ಆ ಕಾರ್ಡಿನಿಂದ ಹತ್ತೋ ಇಪ್ಪತ್ತೋ ತೆಗೆಯುತ್ತಿರು. ನಿನಗಲ್ಲ, ಅದು ನನಗೆ ಬೇಕು. ಗುರುವಾರದಿಂದ ಫೋನ್ ಸದ್ದು ಮಾಡಿಲ್ಲ, ಅಂಗಡಿಯಲ್ಲಿ ಒಬ್ಬಳೇ ಕೂರಲು ಆಗುತ್ತಿಲ್ಲ.