ಖಾಲಿ ಜಾಗಕ್ಕೆ ಎರಡನೆಯ ಸಾಕ್ಷಿ

ಸರಕಾರಿ ಜಮೀನುಗಳಲ್ಲಿ ಬಿಸಿಲು, ಗಾಳಿಯಿಂದ ಎಷ್ಟು ಕರೆಂಟು ಹುಟ್ಟೀತೆಂದು ಅಳೆಸುತ್ತಿರುವ ಕಚೇರಿಯ ಹಿರಿಯ ಅಧಿಕಾರಿಗಳೇ,

ಕನಮಡಿ ಸೀಮೆಯ ಗಾಯರಾಣ, ಅಂದರೆ ದನಕರು ಮೇಯಲೆಂದು ಸರಕಾರವೇ ಬಿಟ್ಟ ಜಾಗ, "ಖಾಲಿ ಇದೆ, ಯಾರ ಬಳಕೆಯಲ್ಲೂ ಇಲ್ಲ" ಎನ್ನುತ್ತದೆ ನಿಮ್ಮ ವರದಿ. ಅದು ಸುಳ್ಳು. ಆ ಸುಳ್ಳಿನ ಕೆಳಗೆ ಎರಡನೆಯ ಸಾಕ್ಷಿಯೆಂದು ಸಹಿ ಮಾಡಿದವಳು ನಾನು. ಆದ್ದರಿಂದ ಈ ಪತ್ರ ಬರೆಯುವ ಕರ್ಮವೂ ನನ್ನದೇ. ತಕರಾರು ಸಲ್ಲಿಸಲು ಇನ್ನು ಆರು ದಿನ ಉಳಿದಿವೆ.

ನಾನು ಕರೆಂಟಿನ ವೈರಿಯಲ್ಲ. ಎದ್ದ ಕೂಡಲೇ ಮೂಡಣಕ್ಕೆ ಕೈಮುಗಿದು ಹಣೆಗೆ ವಿಭೂತಿ ಹಚ್ಚಿಕೊಳ್ಳುವವಳು ನಾನು. ಆ ಸೂರ್ಯನಿಂದ ನಾಲ್ಕು ಮನೆಗೆ ಬೆಳಕಾದರೆ ನನಗೇಕೆ ಹೊಟ್ಟೆಕಿಚ್ಚು? ನಿಮ್ಮವರು ದಿಬ್ಬದ ಮೇಲೆ ಕಂಬ ನಿಲ್ಲಿಸಿ ಗಾಳಿಯನ್ನು ಒಂದು ವರ್ಷ ಅಳೆದರು. ಬಿಸಿಲನ್ನು ಅಳೆಯುವ ಡಬ್ಬಿಯೂ ವರ್ಷವಿಡೀ ಇತ್ತು. ಅದರ ಗಾಜಿನ ಮೇಲೆ ಧೂಳು ಕೂತರೆ ಒರೆಸಲು ಟಿಕೋಟಾದಿಂದ ಆಳು ಬರುತ್ತಿದ್ದ. ಎಂಥ ಕಾಳಜಿ! ಆ ನೆಲವನ್ನು ನಂಬಿ ಬದುಕುವವರನ್ನು ಅಳೆಯಲು ಮಾತ್ರ ನಿಮಗೆ ಅರ್ಧ ತಾಸು ಸಾಕಾಯಿತು. ಅದೂ ಯಾವಾಗ? ಏಪ್ರಿಲ್ ತಿಂಗಳ ಮಧ್ಯಾಹ್ನ ಒಂದು ಗಂಟೆಗೆ. ಆ ಹೊತ್ತಿನಲ್ಲಿ ಯಾವ ಆಡು ಬಯಲಿನಲ್ಲಿ ನಿಂತೀತು, ಸ್ವಾಮಿ? ಎಲ್ಲವೂ ಹಳ್ಳದ ಜಾಲಿಗಿಡಗಳ ನೆರಳು ಸೇರಿದ್ದವು. "ಜಾನುವಾರುಗಳು ಕಂಡುಬಂದಿಲ್ಲ" ಎಂದು ಬರೆದುಬಿಟ್ಟಿರಿ. ಆಡುಗಳಿಗಿದ್ದಷ್ಟು ತಿಳಿವಳಿಕೆ ನಿಮ್ಮ ಸರ್ವೆಯವರಿಗೆ ಇರಲಿಲ್ಲ.

ಇನ್ನು ನನ್ನ ತಪ್ಪು. ಗಾಯರಾಣದ ನಡುವೆ ಬಸವಣ್ಣನ ಕಟ್ಟೆಯಿದೆ. ಹಿಂದಿನವರು ಹಾಕಿಕೊಟ್ಟ ಕಟ್ಟಳೆಯ ಪ್ರಕಾರ, ಆ ಗಾಯರಾಣವನ್ನು ಯಾರೂ ಎಲ್ಲಿಯೂ, ಅದರೊಳಗೆ ಕಾಲಿಟ್ಟವರು ಯಾವುದನ್ನೂ "ನಂದು" ಅನ್ನಬಾರದು. ತಪ್ಪಿಸಿಕೊಂಡ ನಮ್ಮ ಆಡನ್ನೇ ಹುಡುಕುವಾಗಲೂ "ಬಸವಣ್ಣನ ಮರಿ ಕಂಡ್ರೇನ್ರಿ?" ಎಂದು ಕೇಳುತ್ತೇವೆ. ಇವತ್ತು ನಂದು ಅಂದವನು ನಾಳೆ ಬೇಲಿ ಹಾಕುತ್ತಾನೆ. ಹಿರಿಯರಿಗೆ ಅದು ಗೊತ್ತಿತ್ತು. ಅಂದು ನಿಮ್ಮ ಸರ್ವೆಯವರು ಬಾಯಾರಿ ಕಟ್ಟೆಗೆ ಬಂದಾಗ ನಾನು ದೀಪಕ್ಕೆ ಎಣ್ಣೆ ಹಾಕುತ್ತಿದ್ದೆ. ಮಜ್ಜಿಗೆ ಕೊಟ್ಟೆ. ಅವರಲ್ಲೊಬ್ಬ ಕೇಳಿದ:

"ಅಕ್ಕಾರ, ಈ ಜಾಗಾ ನಿಮ್ದೇನ್ರಿ?"

"ಶಿವಶಿವಾ, ನಮ್ದಲ್ರಿ ಯಪ್ಪಾ!"

"ಮತ್ತ ಯಾರ್ದ್ರಿ?"

"ಯಾರ್ದೂ ಅಲ್ರಿ. ಬಸವಣ್ಣಂದು."

ಪೂಜಾರಿ ಈರಯ್ಯನವರನ್ನೂ ಆಡು ಕಾಯುವ ಸಖೂಬಾಯಿಯನ್ನೂ ಕೇಳಿದ. ಅವರೂ ಇದನ್ನೇ ಅಂದರು. ಆತ ಬಸವಣ್ಣನೊಬ್ಬನನ್ನು ಬಿಟ್ಟು ಉಳಿದದ್ದೆಲ್ಲ ಬರೆದುಕೊಂಡು, "ನಾವು ಬಂದು ನೋಡಿ ಹೋದ್ವಿ ಅಂತ ಈ ಪಂಚನಾಮೆಗೆ ಒಂದು ಸಹಿ ಹಾಕ್ರಿ" ಅಂದ. ಈರಯ್ಯನವರು ಮೊದಲು ಹಾಕಿದರು, ಆಮೇಲೆ ನಾನು. ಏಳನೆಯ ಇಯತ್ತೆವರೆಗೆ ಶಾಲೆ ಓದಿದವಳು, ಚೆಂದ ಸಹಿ ಮಾಡುವವಳು ಎಂಬ ಹಮ್ಮಿತ್ತು ನನಗೆ. ಮೇಲೇನು ಬರೆದಿದೆಯೆಂದು ಓದಲಿಲ್ಲ.

ಜಾಗ ಖಾಲಿಯೆಂದು ವರದಿಯಾದ ಸುದ್ದಿ ತಿಳಿದು ಟಿಕೋಟಾದ ತಾಲೂಕು ಕಚೇರಿಗೆ ತಕರಾರು ಒಯ್ದಾಗ ಗುಮಾಸ್ತ ಕಾಗದ ತಿರುವಿ ನಕ್ಕ. "ಅಕ್ಕಾರ, ಇದರಾಗ ನಿಮ್ದ ಸಹಿ ಐತಲ್ರಿ! ಅವತ್ತಿನ ಮುರಿಗೆವ್ವನ್ನ ನಂಬೂಣೋ, ಇವತ್ತಿನ ಮುರಿಗೆವ್ವನ್ನೋ?" ಕೆಟ್ಟವನಲ್ಲ, ಫಾರ್ಮು ಕೊಟ್ಟ. ಅದರಲ್ಲಿ ಒಂದು ಸಾಲು: ಈ ಜಮೀನಿನ ಮೇಲೆ ಅರ್ಜಿದಾರರ ಹಕ್ಕು ಏನು? "ನಮ್ದು ಅಂತ ಬರೀರಿ. ಇಲ್ಲಾಂದ್ರ ಅರ್ಜಿ ನಿಲ್ಲೂದಿಲ್ಲ" ಅಂದ. ಕೈ ಏಳಲಿಲ್ಲ. ಖಾಲಿ ಫಾರ್ಮು ಮಡಚಿಕೊಂಡು ಬಸ್ಸು ಹತ್ತಿದೆ.

ಊರಲ್ಲಿ ಬಸ್ಸು ಇಳಿಯುವಲ್ಲೇ ಸಖೂಬಾಯಿ ಕಾಯುತ್ತಿದ್ದಳು. ಅವಳಿಗೆ ಒಂದು ಗುಂಟೆ ಹೊಲವೂ ಇಲ್ಲ. ಏಳು ಆಡು, ಆ ಗಾಯರಾಣ, ಅಷ್ಟೇ ಅವಳ ಬದುಕು. ಕಚೇರಿಯಲ್ಲಿ ನಡೆದದ್ದನ್ನೆಲ್ಲ ಹೇಳಿದೆ.

"ಸಾಲಿ ಕಲ್ತಾಕಿ ಅಂತ ನಿನ್ನ ಮುಂದ ಮಾಡಿದ್ವಿ, ಓದಲಾರ್ದ ಸಹಿ ಹೊಡದಿ ಏನಬೇ? ಬೇಲಿ ಬಿದ್ದ ಮ್ಯಾಲ ನನ್ನ ಆಡು ಏನ್ ತಿನ್ಬೇಕು, ನಿನ್ನ ಸಹಿ ತಿನ್ಬೇಕೇನು?"

ಮೂರು ದಿನ ಕಟ್ಟೆಯ ಮುಂದೆ ಕೂತೆ, ಒಂದೇ ಹೊತ್ತು ಉಂಡೆ, ಅತ್ತೆ. ದೇವರು ಬಾಯಿಬಿಡಲಿಲ್ಲ. ನೀವಾದರೂ ಹೇಳಿ ಸಾಹೇಬರೇ: ಯಾರೂ ನುಂಗಬಾರದೆಂದು ಯಾರದೂ ಅಲ್ಲ ಅಂದವರ ಮಾತು ಹಿಡಿದು, ಯಾರೂ ಇಲ್ಲ ಎಂದು ಬರೆಯುವುದು ಯಾವ ಲೆಕ್ಕದ ಅಳತೆ? ನಮ್ಮ ವಸ್ತಿಯ ನಲವತ್ತು ಮನೆಯ ಆಡು, ಎಮ್ಮೆಗಳನ್ನು ನಾವು ಎಲ್ಲಿಗೆ ಹೊಡೆದುಕೊಂಡು ಹೋಗಬೇಕು? ನಿಮ್ಮ ಕಚೇರಿಯ ಅಂಗಳಕ್ಕೇ?

ಕೊನೆಗೆ ಈರಯ್ಯನವರೇ ಅಂದರು: "ತಂಗಿ, ಪಾಪ ಹತ್ತಿದ್ರ ಆಮ್ಯಾಲ ತೊಳ್ಕೊಳ್ಳೂಣು. ಮೊದ್ಲ ಬರಿ."

ನನಗೆ ಬೇಕಾದದ್ದು ಇಷ್ಟೇ. ಆ ಪಂಚನಾಮೆಯಿಂದ ನನ್ನ ಸಹಿ ಹೊಡೆದುಹಾಕಿ. ಆರು ದಿನದೊಳಗೆ ಒಂದು ಮುಂಜಾನೆ ಏಳು ಗಂಟೆಗೆ ನೀವೇ ಬನ್ನಿ. ಇದು ಯಾರದೆಂದು ಕೇಳಬೇಡಿ. ಇಲ್ಲಿಗೆ ಇಂದು ಯಾರು ಬಂದಿದ್ದಾರೆಂದು ನಿಂತು ಎಣಿಸಿ. ನಲವತ್ತು ಮನೆಗೆ ಬೇಕಾದಷ್ಟು ಬಯಲು ಬಿಟ್ಟು, ಉಳಿದಲ್ಲಿ ಬಿಸಿಲಿನಿಂದ ಕರೆಂಟು ಮಾಡುವ ನಿಮ್ಮ ಪ್ಲೇಟು ಹಾಸಿ. ಗುಡ್ಡದ ಬರೀ ಕಲ್ಲಿನ ಮೇಲೂ ಅದೇ ಸೂರ್ಯನಿದ್ದಾನೆ. ಮಜ್ಜಿಗೆ ನಾನೇ ಕೊಡುತ್ತೇನೆ. ಈ ಸಲ ಓದಿ ಸಹಿ ಮಾಡುತ್ತೇನೆ.

ಫಾರ್ಮಿನ ಆ ಸಾಲನ್ನು ಇವತ್ತು ತುಂಬಿದ್ದೇನೆ. ನಮ್ಮ ವಸ್ತಿಯಲ್ಲಿ ಯಾರ ಬಾಯಲ್ಲೂ ಬರದಿದ್ದ ಮಾತನ್ನು ಈ ಪತ್ರದಲ್ಲೂ ಬರೆಯುತ್ತೇನೆ. ಬಸವಣ್ಣ ನನ್ನೊಬ್ಬಳಿಗೇ ಶಿಕ್ಷೆ ಕೊಡಲಿ, ಸಖೂಬಾಯಿಯ ಆಡುಗಳಿಗೆ ಬೇಡ.

ಈ ಗಾಯರಾಣ ನಮ್ಮದು.

ಇಂತಿ,
ಮಜ್ಜಿಗೆಯ ಜೊತೆ ಸಹಿಯನ್ನೂ ಕೊಟ್ಟು ಕೂತ,
ನಿಮ್ಮ ಪಂಚನಾಮೆಯ ಎರಡನೆಯ ಸಾಕ್ಷಿ
ಮುರಿಗೆವ್ವ