ಗ್ಲಾಸು ತೊಳೆಯಬೇಡ, ಅವ್ವಾ

ಬಂದರು, ಮಂಗಳೂರು
೧೭ ನವೆಂಬರ್ ೨೦೨೪, ರವಿವಾರ

ಪ್ರೀತಿಯ ಅವ್ವಾ,

ನಿನ್ನ ಮಗ ಕಾಂತೇಶನ ಜೈಭೀಮ್. ನಾನು ಆರಾಮ ಇದ್ದೇನೆ. ದೀಪಾವಳಿಗೆ ಬರುತ್ತೇನೆಂದು ಹೇಳಿ ಬರಲಿಲ್ಲ. ಕಾಗದವನ್ನಾದರೂ ಬರೆಯುತ್ತೇನೆಂದು ಹೇಳಿ ಅದನ್ನೂ ಬರೆಯಲಿಲ್ಲ. ಸಿಟ್ಟಾಗಬೇಡ. ಕೆಲಸ ಬಹಳ ಇತ್ತು ಎಂದರೆ ಅರ್ಧ ಮಾತ್ರ ನಿಜ. ಗೆದ್ದ ಮೇಲೆ ಬರೆಯೋಣ ಎಂದು ಕಾಯುತ್ತಿದ್ದೆ, ಅದು ಉಳಿದರ್ಧ. ಈಗ ಗೆದ್ದಿದ್ದೇನೆ, ಅದಕ್ಕೆ ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ನೀನು "ಉಂಡ್ಯಾ?" ಎಂದು ಕೇಳಿ, ನಾನು ಹೂಂ ಅನ್ನುವುದರೊಳಗೆ ಇಟ್ಟುಬಿಡುತ್ತೀ. ಏಳನೆಯ ಇಯತ್ತೆ ಓದಿದವಳು ನೀನು, ಕಾಗದವನ್ನಾದರೆ ಕೊನೆಯವರೆಗೂ ಓದುತ್ತೀ.

ಲಗಮಪ್ಪ ಮಾವ ನಿನ್ನನ್ನು ಇಲ್ಲಿಗೆ ಕರೆದುಕೊಂಡು ಬರಲು ಒಪ್ಪಿದ್ದಾನೆ. ನೀನೇ ಒಲ್ಲೆ ಅನ್ನುತ್ತಿದ್ದೀಯಂತೆ. "ಆ ಊರಾಗ ನಾ ಎಲ್ಲಿ ಕುಂತು ಉಣ್ಣಲಿ" ಎಂದೆಯಂತೆ. ಮಾವ ಅದನ್ನು ಮೀನಿನ ವಾಸನೆಯ ಮಾತು ಎಂದುಕೊಂಡಿದ್ದಾನೆ. ಅಲ್ಲವೆಂದು ನನಗೆ ಗೊತ್ತು. ಹಾಗಾಗಿ ಈ ಊರಿನಲ್ಲಿ ನಿನ್ನನ್ನು ಎಲ್ಲೆಲ್ಲಿ ಕೂರಿಸುತ್ತೇನೆ, ಏನೇನು ತಿನ್ನಿಸುತ್ತೇನೆ ಎಂದು ಮೊದಲೇ ಹೇಳಿಬಿಡುತ್ತೇನೆ.

ಹುಬ್ಬಳ್ಳಿಯಿಂದ ಬರುವ ಬಸ್ಸು ಬೆಳಿಗ್ಗೆ ಇಳಿಸುತ್ತದೆ. ಸೀದಾ ಧಕ್ಕೆಗೆ ಹೋಗೋಣ. ಧಕ್ಕೆ ಎಂದರೆ ಮೀನಿನ ದೋಣಿಗಳು ಬಂದು ನಿಲ್ಲುವ ಜಾಗ. ಅಲ್ಲಿ ಅಪ್ಪಿ ಅಕ್ಕನ ಚಹಾದ ಅಂಗಡಿ ಇದೆ. ಅವಳ ಗಂಡ ದೋಣಿಗೆ ಹೋಗುತ್ತಾನೆ, ಅವಳು ಒಲೆಯ ಮುಂದೆ ನಿಂತು ಇಡೀ ಧಕ್ಕೆಯನ್ನು ಬೈಯುತ್ತಾಳೆ. ಚಹಾದ ಜೊತೆ ಗೋಳಿಬಜೆ ಕೊಡುತ್ತಾಳೆ. ಮೈದಾ, ಮೊಸರು ಕಲಸಿ ಕರಿದದ್ದು, ನಮ್ಮ ಭಜಿಯಂತೆ ಖಾರ ಇರುವುದಿಲ್ಲ. ಒಳಗೆ ಮೆತ್ತಗಿರುತ್ತದೆ, ನಿನಗೆ ಹಲ್ಲಿನ ತೊಂದರೆ ಆಗುವುದಿಲ್ಲ.

ಈ ಊರಿಗೆ ಬಂದ ಮೊದಲ ದಿನ ನಾನು ಅಲ್ಲಿ ಚಹಾ ಕುಡಿದು, ಗ್ಲಾಸನ್ನು ನಳದ ಕೆಳಗೆ ತೊಳೆದು, ಹೊರಗಿನ ಕಟ್ಟೆಯ ಮೇಲೆ ಬೋರಲು ಹಾಕಿ ಹೊರಟಿದ್ದೆ. ನಮ್ಮೂರಿನ ಹೊಟೇಲಿನಲ್ಲಿ ಕೇರಿಯವರ ಗ್ಲಾಸು ಎಲ್ಲಿರುತ್ತದೆ, ಯಾರು ತೊಳೆಯುತ್ತಾರೆ ಎಂದು ನಿನಗೆ ನಾನು ಹೇಳಬೇಕೇ? ನಾನು ಯೋಚಿಸುವ ಮೊದಲೇ ಕೈ ಆ ಕೆಲಸ ಮಾಡಿ ಮುಗಿಸಿತ್ತು. ಅಪ್ಪಿ ಅಕ್ಕ ಹಿಂದಿನಿಂದ ಕೂಗಿದಳು.

"ಏ ಮಾರಾಯ, ನಿನಗೆ ತೊಳೆಯಲಿಕ್ಕೆ ಹೇಳಿದ್ದು ಯಾರು? ನಾನಿರುವುದು ಎಂತಕ್ಕೆ?"

ಕಟ್ಟೆಯ ಮೇಲಿನ ಗ್ಲಾಸು ತೆಗೆದುಕೊಂಡು ಹೋಗಿ ಅದರಲ್ಲೇ ಮತ್ತೆ ಚಹಾ ಸುರಿದು ಕೊಟ್ಟಳು. ಕೂತು ಕುಡಿ, ಕುಡಿದು ಅಲ್ಲೇ ಬಿಟ್ಟು ಹೋಗು ಎಂದಳು. ನಾನು ಯಾಕೆ ತೊಳೆದೆ ಎಂದು ಅವಳಿಗೆ ಹೊಳೆಯಲೇ ಇಲ್ಲ. ಅವಳಿಗೆ ಹೊಳೆಯದೇ ಹೋದದ್ದು ನನಗೆ ಚಹಾಕ್ಕಿಂತ ಸಿಹಿಯಾಗಿತ್ತು. ಈ ಊರಿನವರೆಲ್ಲ ಹಾಗೆ ಎಂದು ನಾನು ಬರೆಯುವುದಿಲ್ಲ. ಬಾಡಿಗೆಗೆ ಕೋಣೆ ಕೇಳಲು ಹೋದಾಗ ಹೆಸರು ಕೇಳಿ, ಅಪ್ಪನ ಹೆಸರು ಕೇಳಿ, ಆಮೇಲೆ ಕೋಣೆ ಖಾಲಿ ಇಲ್ಲ ಅಂದವರು ಇಲ್ಲಿಯೂ ಇದ್ದಾರೆ. ಆದರೆ ಅಪ್ಪಿ ಅಕ್ಕನ ಅಂಗಡಿಯಲ್ಲಿ ಗ್ಲಾಸುಗಳೆಲ್ಲ ಒಂದೇ ಬುಟ್ಟಿಯಲ್ಲಿರುತ್ತವೆ.

ಆಮೇಲೆ ಹಳೆಯ ಪೇಟೆಯ ಓಣಿಯಲ್ಲಿ ನೀರುದೋಸೆ. ಕೈಯಲ್ಲಿ ಹಿಡಿದರೆ ಮಲ್ಲಿಗೆ ಬಣ್ಣದ ಬಟ್ಟೆಯಂತೆ ಇರುತ್ತದೆ. ಬಾಯಿಗಿಟ್ಟರೆ ಇತ್ತೋ ಇಲ್ಲವೋ ಅನ್ನಿಸುತ್ತದೆ. ಗಂಜಿ ಊಟ ನಿನಗೆ ಹಿಡಿಸುವುದಿಲ್ಲ, ನನಗೂ ಹಿಡಿಸಿಲ್ಲ. ಸಾಂಬಾರಿಗೆ ಬೆಲ್ಲ ಹಾಕುತ್ತಾರೆ, ಅದಕ್ಕೆ ಸುಮ್ಮನಿದ್ದುಬಿಡು. ಬಂಗುಡೆ ಮೀನಿನ ಸಾರು ಮಾತ್ರ ತಿನ್ನಲೇಬೇಕು, ಕಣ್ಣಲ್ಲಿ ನೀರು ಬರುವ ಹಾಗೆ ಮಾಡುತ್ತಾರೆ. ಬಿಸಿಲೇರಿದರೆ ಪುನರ್ಪುಳಿ ಶರಬತ್ತು ಕುಡಿಸುತ್ತೇನೆ. ಕೆಂಪಗೆ ಹುಳಿಹುಳಿಯಾಗಿರುವ ಒಂದು ಕಾಡುಹಣ್ಣಿನದು.

ಮಧ್ಯಾಹ್ನದ ಊಟ ನಮ್ಮ ಖಾನಾವಳಿಯಲ್ಲಿ. ಹೌದು ಅವ್ವಾ, ನಮ್ಮದೇ.

ನಾನೂ ಕಿತ್ತೂರಿನ ಸಾಗರನೂ ಧಕ್ಕೆಯಲ್ಲಿ ಮೀನಿನ ಬುಟ್ಟಿ ಹೊರುತ್ತಿದ್ದೆವಲ್ಲ, ಆಗ ಕೋಣೆಯಲ್ಲಿ ನಾನು ನಮಗಷ್ಟೇ ರೊಟ್ಟಿ ಬಡಿಯುತ್ತಿದ್ದೆ. ನಿನ್ನ ಪಕ್ಕದಲ್ಲಿ ಕೂತು ನೋಡಿ ನೋಡಿ ಕಲಿತದ್ದು. ಸಪ್ಪಳ ಕೇಳಿ ನಮ್ಮ ಕಡೆಯ ಹುಡುಗರು ಒಬ್ಬೊಬ್ಬರೇ ಬಾಗಿಲಿಗೆ ಬಂದು ನಿಲ್ಲತೊಡಗಿದರು. "ಲಗ್ನಾದ ಮ್ಯಾಲ ಹೇಣ್ತಿನ ಸಾಲಿಗಿ ಕಳಸು, ನೀ ರೊಟ್ಟಿ ಬಡಕೋತ ಕುಂದರು" ಎಂದು ಸಾಗರ ನಗಾಡುತ್ತಿದ್ದವನು, ಅವನೇ ಕೊನೆಗೆ ಬಂದರಿನ ಹಿಂದೆ ಒಂದು ತಗಡಿನ ಶೆಡ್ಡು ಹುಡುಕಿದ. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ. ನಮ್ಮ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಒಂದು ದೊಡ್ಡ ತಂಡವೇ ಊಟಕ್ಕೆ ಹತ್ತಿತು. ಆ ತಂಡದ ಮೇಸ್ತ್ರಿ ಅಂದಾನೆಪ್ಪ, ಬೈಲಹೊಂಗಲದ ಕಡೆಯ ಹೊಲಮನೆಯುಳ್ಳ ದೊಡ್ಡ ಮನೆತನದವನು.

ಒಂದು ದಿನ ಅಂದಾನೆಪ್ಪ ಎರಡನೆಯ ರೊಟ್ಟಿ ಮುರಿಯುತ್ತ, "ತಮ್ಮಾ, ನಿನ್ನ ಕೈಯಾಗ ರುಚಿ ಐತಿ ನೋಡು. ಯಾರ ಪೈಕಿ ನೀ?" ಎಂದು ಕೇಳಿದ. ಸಾಗರ ನನ್ನ ಕಾಲು ತುಳಿದ. ಯಾರಾದರೂ ಕೇಳಿದರೆ ರಾಮದುರ್ಗದ ಕಡೆಯವನು ಎಂದಷ್ಟೇ ಹೇಳಿ ಬಾಯಿ ಮುಚ್ಚಿಕೊಂಡಿರು ಎಂದು ಅವನು ಮೊದಲೇ ತಾಕೀತು ಮಾಡಿದ್ದ. ನನ್ನ ಬಾಯಿ ನಿನಗೆ ಗೊತ್ತಲ್ಲ.

"ಕಟಕೋಳದ ಕಡೀರಿ. ಕೇರಿಯವ್ರು. ಮರೆವ್ವನ ಮಗ" ಎಂದೆ.

ಅಂದಾನೆಪ್ಪ ಮುರಿದ ರೊಟ್ಟಿಯನ್ನು ತಾಟಿನಲ್ಲಿಯೇ ಬಿಟ್ಟು ಎದ್ದ. ಮರುದಿನ ಅವನ ತಂಡದವರು ಯಾರೂ ಬರಲಿಲ್ಲ. ಅದರ ಮರುದಿನವೂ ಇಲ್ಲ. ಬುಟ್ಟಿಯಲ್ಲಿ ರೊಟ್ಟಿ ಏರುತ್ತ ಹೋಯಿತು, ಪಲ್ಯ ಹುಳಿಯಾಯಿತು. ಸಾಗರ, "ನಿನ್ನ ಖರೇ ಮಾತ ಹಚ್ಚಿಗೊಂಡು ಉಣ್ಣೂಣು ಈಗ" ಎಂದ. ಶೆಡ್ಡು ಬಿಡಬೇಕಾಗುತ್ತದೆ ಎಂದು ನನಗೂ ಅನ್ನಿಸಿತು. ಸುಳ್ಳು ಹೇಳಬೇಕಿತ್ತು ಎಂದು ಮಾತ್ರ ಅನ್ನಿಸಲಿಲ್ಲ.

ಸುದ್ದಿ ಕೇಳಿ ಮೊದಲು ಬಂದವಳು ಅಪ್ಪಿ ಅಕ್ಕ, ಮೀನು ಆಯುವ ಹೆಂಗಸರನ್ನೆಲ್ಲ ಎಬ್ಬಿಸಿಕೊಂಡು. ಕಡಕ್ ರೊಟ್ಟಿಯನ್ನು ಅವರು ಹಪ್ಪಳ ಎಂದುಕೊಂಡು ಬರಿದೇ ಕಡಿದರು, ಆಮೇಲೆ ತಾವು ತಂದ ಮೀನಿನ ಸಾರಿನಲ್ಲಿ ನೆನೆಸಿ ತಿಂದರು. ಅವರ ಗದ್ದಲ ಕೇಳಿ ತಂಡದ ಹುಡುಗರು ಇಣುಕಿದರು. ಒಬ್ಬ ಬಂದ, ಅವನ ಹಿಂದೆ ಮತ್ತೊಬ್ಬ. ಮೇಸ್ತ್ರಿಗೆ ಹೇಳಬೇಡ ಎನ್ನುತ್ತ ಉಂಡರು. ಆ ವಾರ ಮುಗಿಯುವುದರೊಳಗೆ ಹೇಳಬೇಡ ಅನ್ನುವುದನ್ನೂ ಬಿಟ್ಟರು.

ಕೊನೆಗೆ ಅಂದಾನೆಪ್ಪನೇ ಬಂದ. ಕೈಚೀಲದಿಂದ ತನ್ನದೊಂದು ಸ್ಟೀಲ್ ತಾಟು ತೆಗೆದು, "ಇದರಾಗ ಹಾಕು" ಎಂದ.

ಊಟ ಮಾಡುತ್ತಿದ್ದವರೆಲ್ಲ ನನ್ನ ಕಡೆ ನೋಡಿದರು. ನನ್ನ ಕೈಗೆ ಹಿಟ್ಟು ಹತ್ತಿತ್ತು. ಅದನ್ನು ಒರೆಸಿಕೊಳ್ಳುತ್ತ ಹೇಳಿದೆ.

"ಇಲ್ಲಿ ಎಲ್ಲಾರೂ ಈ ತಾಟಿನಾಗ ಉಣ್ಣೂದ್ರಿ, ಯಜಮಾನ್ರ. ಕುಂದರ್ರಿ, ಬಿಸಿದು ಹಾಕ್ತೇನಿ. ಒಲ್ಲೆ ಅಂದ್ರ ನನಗ ಸಿಟ್ಟಿಲ್ಲ."

ಅವನ ತಂಡದ ಶ್ರೀಶೈಲ ಎಂಬ ಹುಡುಗ ತಾಟಿನಿಂದ ತಲೆ ಎತ್ತದೆಯೇ, "ಕುಂದರ್ರಿ ಕಾಕಾ, ರೊಟ್ಟಿ ಆರತೈತಿ" ಎಂದ. ಯಾರೋ ನಕ್ಕರು. ಅಂದಾನೆಪ್ಪ ಹಂಚಿನ ಮೇಲೆ ಉಬ್ಬುತ್ತಿದ್ದ ರೊಟ್ಟಿಯನ್ನೇ ನೋಡುತ್ತ ನಿಂತ. ತನ್ನ ತಾಟನ್ನು ಚೀಲದೊಳಗೆ ತುರುಕಿದ. ಕೂತ.

ಹೊಟ್ಟೆ ತುಂಬ ಉಂಡ. ಉಂಡವನು ಏನು ತಿಳಿದನೋ, ತಾಟು ಎತ್ತಿಕೊಂಡು ನಳದ ಕಡೆಗೆ ಹೊರಟ. ನಾನು ಹೋಗಿ ಅವನ ಕೈಯಿಂದ ಅದನ್ನು ಇಸಿದುಕೊಂಡೆ. "ಅಲ್ಲೇ ಬಿಡ್ರಿ. ಇಲ್ಲಿ ಯಾರೂ ತಮ್ಮ ತಾಟು ತಾವು ತೊಳಿಯೂದಿಲ್ಲ" ಎಂದೆ.

ಅಂದಾನೆಪ್ಪ ಬದಲಾದ ಎಂದು ನಾನು ಬರೆಯುವುದಿಲ್ಲ. ಹಸಿದಿದ್ದ, ರೊಟ್ಟಿ ಬಿಸಿ ಇತ್ತು, ಅಷ್ಟೇ ಇರಬಹುದು. ಈಗ ದಿನಾ ಬರುತ್ತಾನೆ, ಚಟ್ನಿಗೆ ಖಾರ ಸಾಲದು ಎಂದು ಎಲ್ಲರೆದುರು ಬೈಯುತ್ತಾನೆ. ನಾವು ಹೊರಗೆ ಬೋರ್ಡು ಹಾಕಿಸಿದ್ದೇವೆ: ಮರೆವ್ವ ಖಾನಾವಳಿ. ಯಾರ ಪೈಕಿ ಎಂದು ಕೇಳುವವರು ಒಳಗೆ ಬರುವ ಮೊದಲೇ ಓದಿಕೊಳ್ಳಲಿ. ಸಾಗರನಿಗೆ ಆ ಹೆಸರು ಬೇಡವಾಗಿತ್ತು. ಈಗ ಅವನೇ ದಿನಾ ಬೆಳಿಗ್ಗೆ ಬೋರ್ಡು ಒರೆಸುತ್ತಾನೆ.

ಸಂಜೆ ಸುಲ್ತಾನ್ ಬತ್ತೇರಿಗೆ ಹೋಗೋಣ. ಹಿಂದೆ ಶತ್ರುಗಳ ಹಡಗು ತಡೆಯಲು ಕಟ್ಟಿದ ಕಲ್ಲಿನ ಬುರುಜು. ನಮ್ಮ ತೊರಗಲ್ ಕೋಟೆ ನೋಡಿದವರಿಗೆ ಅದು ಒಂದು ಮೂಲೆಯಷ್ಟೇ ಅನ್ನಿಸುತ್ತದೆ. ಆದರೆ ಅಲ್ಲಿ ಗಾಳಿ ಇದೆ, ಹೊಳೆ ಇದೆ, ದೋಣಿಯಲ್ಲಿ ದಾಟಿದರೆ ಸಮುದ್ರ ಇದೆ. ಹಿಂದಿರುಗುವಾಗ ಉದ್ದನೆಯ ಗ್ಲಾಸಿನ ತುಂಬ ಐಸ್‌ಕ್ರೀಮು ಕೊಡಿಸುತ್ತೇನೆ. ಆ ಗ್ಲಾಸನ್ನೂ ತೊಳೆಯಲು ಎದ್ದೀಯ ಮತ್ತೆ. ಎಲ್ಲಿ ಕುಡಿದರೂ ಗ್ಲಾಸನ್ನು ಮೇಜಿನ ಮೇಲೆ ಬಿಟ್ಟು ಎದ್ದು ಬಾ. ನಾನು ನಿನ್ನಿಂದ ಕೇಳುವುದು ಇದೊಂದೇ.

ನಿನ್ನ ಮೊಣಕಾಲಿಗೆ ಇಲ್ಲಿನ ಎಣ್ಣೆ ತೆಗೆದಿಟ್ಟಿದ್ದೇನೆ. ನಿನ್ನ ಹಾರೈಕೆ ನನ್ನ ಒಲೆಯ ಮೇಲಿರಲಿ, ನಿನ್ನ ನೋವೆಲ್ಲ ನನಗೆ ಬರಲಿ. ಮಾವನಿಗೂ ಜೈಭೀಮ್ ಹೇಳು.

ನಿನ್ನ ಮಗ,
ಕಾಂತೇಶ

ತಾ.ಕ.: ಸಾಲಿ ಯಾಕೆ ಬಿಟ್ಟೆ ಎಂದು ನೀನು ಎಷ್ಟೋ ಸಲ ಕೇಳಿದೆ. ಗಣಿತ ಬರಲಿಲ್ಲವೇ, ಮಾಸ್ತರು ಹೊಡೆದರೇ ಎಂದೆಲ್ಲ ಕೇಳಿದೆ. ಸುಳ್ಳು ಹೇಳಲಾರದೆ ನಾನು ಸುಮ್ಮನಿದ್ದೆ. ನೀನು ಸಾಲಿಯಲ್ಲಿ ಬಿಸಿಯೂಟ ಮಾಡಲು ಬಂದ ಮೊದಲ ದಿನ, ನಮ್ಮ ಕೇರಿಯ ಹುಡುಗರನ್ನು ಬಿಟ್ಟು ಉಳಿದವರೆಲ್ಲ ಮನೆಯಿಂದ ಡಬ್ಬಿ ತಂದಿದ್ದರು. ನೀನು ಹೊಸ ಸೀರೆ ಉಟ್ಟು ಸೌಟು ಹಿಡಿದುಕೊಂಡು ನಿಂತೇ ಇದ್ದೆ. ಹಂಡೆಯ ಅನ್ನ ಇಳಿಯಲಿ ಎಂದು ನಾನು ಮತ್ತೆ ಮತ್ತೆ ತಾಟು ಹಿಡಿದು ಬಂದೆ. "ಹಸಿದಾನ ನನ್ನ ಕೂಸು" ಎಂದು ನೀನು ನಕ್ಕು ಬಡಿಸಿದೆ. ಆಮೇಲೆ ನಾನು ಸಾಲಿಯ ಹಿಂದೆ ಹೋಗಿ ಎಲ್ಲವನ್ನೂ ಕಾರಿಕೊಂಡೆ. ಬಾಯಿ ಒರೆಸಿಕೊಂಡು ಬಂದು ನೋಡಿದರೆ ಹಂಡೆಯ ಅನ್ನ ಇಳಿದೇ ಇರಲಿಲ್ಲ. ಅಡುಗೆ ಬಿಡಿಸಿ ನಿನಗೆ ಅಂಗಳ ಗುಡಿಸುವ ಕೆಲಸ ಕೊಟ್ಟರು. ನನಗೆ ಆ ಗೇಟಿನೊಳಗೆ ಕಾಲಿಡಲಾಗಲಿಲ್ಲ. ಇಲ್ಲಿ ಮಧ್ಯಾಹ್ನ ಕಳೆಯುವುದರೊಳಗೆ ಪಾತ್ರೆಯ ತಳ ಕಾಣುತ್ತದೆ ಅವ್ವಾ. ಬಾ. ಒಂದು ಮಧ್ಯಾಹ್ನ ಸೌಟು ನೀನೇ ಹಿಡಿ, ತಳ ಕಾಣುವ ತನಕ.